ಹನ್ನೊಂದು ಇಪ್ಪತ್ತರ ಕೆಂಪು ದೀಪ

ಸೋಮವಾರ, ಸೆಪ್ಟೆಂಬರ್ ೧೪

ಪ್ರೀತಿಯ ಅಮ್ಮನಿಗೆ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿನೋವು ಎಷ್ಟಿದೆ, ಯಾವ ಮುಲಾಮು ಹಚ್ಚುತ್ತೀಯ ಎಂಬುದನ್ನೆಲ್ಲ ತಮ್ಮ ಹೇಳುತ್ತಿರುತ್ತಾನೆ. ಎರಡೂವರೆ ವರ್ಷದಿಂದ ಅವನೇ ನಮ್ಮಿಬ್ಬರ ಅಂಚೆಯವನು. ಈ ವಿಷಯ ಮಾತ್ರ ಅವನ ಕೈಲಿ ಹೇಳಿಕಳಿಸುವಂಥದ್ದಲ್ಲ.

ಮೊದಲು ಸುದ್ದಿ. ಮುಂದಿನ ತಿಂಗಳ ಒಂದರಿಂದ ನಿನ್ನ ಬೀದಿಗೆ ವಾಹನ ಬಿಡುವುದಿಲ್ಲವಂತೆ, ನಡೆಯುವವರಿಗೆ ಮಾತ್ರ. ನಮ್ಮ ಬಸ್ಸುಗಳು ಇನ್ನು ನದಿಯ ಬದಿಯಿಂದ ಹೋಗುತ್ತವೆ. ಆದ್ದರಿಂದ ಹಡಗು ಬಂದ ದಿನ ಹನ್ನೊಂದು ಇಪ್ಪತ್ತಕ್ಕೆ ನೀನು ಬಾಲ್ಕನಿಗೆ ಬಂದು ನಿಲ್ಲುವುದು ಬೇಡ. ಸುಮ್ಮನೆ ಕಾಲು ನೋಯಿಸಿಕೊಳ್ಳುತ್ತೀಯ.

ನೀನು ನಿಲ್ಲುವುದು ನನಗೆ ಗೊತ್ತು. ಗೊತ್ತಾದದ್ದು ಹೇಗೆ ಎಂದು ಹೇಳುತ್ತೇನೆ.

ಬೆಳಿಗ್ಗೆ ಎಂಟೂವರೆಗೆ ಬಂದರಿನಲ್ಲಿ, ಹಡಗಿನಿಂದ ಇಳಿದ ನಲವತ್ತು ಚಿಲ್ಲರೆ ಪ್ರವಾಸಿಗರಿಗೆ ಏಳನೇ ನಂಬರಿನ ಸ್ಟಿಕರ್ ಅಂಟಿಸಿ ಬಸ್ಸು ಹತ್ತಿಸುತ್ತೇನೆ. ಅರಮನೆ, ಮ್ಯೂಸಿಯಂ, ಊಟ, ಗಡಿಯಾರದ ಗೋಪುರ, ಪೇಟೆ. ನಾಲ್ಕಕ್ಕೆ ವಾಪಸ್ ಬಂದರಿಗೆ, ಐದಕ್ಕೆ ಹಡಗು ಹೊರಡುತ್ತದೆ. ಇಡೀ ರಾಜಧಾನಿಯನ್ನು ಒಂದು ಹಗಲಿನಲ್ಲಿ ಮುಗಿಸಬೇಕು. ಅರಮನೆಯಿಂದ ಮ್ಯೂಸಿಯಂಗೆ ಹೋಗುವಾಗ ನಿನ್ನ ಮನೆಯ ಕೆಳಗಿನ ಸಿಗ್ನಲ್ ಸಿಗುತ್ತದೆ. ಕಂಪನಿಯವರು ಕೊಟ್ಟ ಹಾಳೆಯ ಪ್ರಕಾರ ನಾನು ಅಲ್ಲಿ ಹಳೇ ಅಂಚೆ ಕಚೇರಿಯ ಬಗ್ಗೆ ಹೇಳಬೇಕು.

ಗೈಡ್ ಸೀಟು ಡ್ರೈವರ್ ಪಕ್ಕದ ಮಡಚುವ ಸೀಟು, ತೀರಾ ತಗ್ಗು. ಅಲ್ಲಿಂದ ನನಗೆ ಕಾಣುವುದು ನಿನ್ನ ಬಾಲ್ಕನಿಯ ತಳ ಮಾತ್ರ. ಹೋದ ವರ್ಷ ಏಪ್ರಿಲ್‌ನಲ್ಲಿ ಹಿಂದಿನ ಸೀಟಿನ ಒಬ್ಬರು, ಮೂರನೇ ಮಹಡಿಯಿಂದ ಒಬ್ಬ ಅಜ್ಜಿ ಬಟ್ಟೆ ಬೀಸುತ್ತಿದ್ದಾರೆ ಎಂದರು. ನೀನು ಧೂಳು ಕೊಡವುತ್ತಿದ್ದೆಯೋ ಏನೋ. ನಾನು ಮೈಕಿನಲ್ಲಿ, ಅವರು ನಿಮಗೇ ಕೈ ಬೀಸುತ್ತಿರುವುದು, ನೀವೂ ಬೀಸಿ ಎಂದುಬಿಟ್ಟೆ. ಇಡೀ ಬಸ್ಸು ಕೈ ಎತ್ತಿತು. ಅಂದಿನಿಂದ ಅದೇ ಪಾಠ. ನೀನು ಇದ್ದೀಯೋ ಇಲ್ಲವೋ ಎಂಬುದನ್ನು ಅವರ ಮುಖ ನೋಡಿ ತಿಳಿಯುತ್ತಿದ್ದೆ. ಒಂದು ದಿನವೂ ನೀನು ತಪ್ಪಿಸಲಿಲ್ಲ.

ನಮ್ಮ ಡ್ರೈವರ್ ಹೆಚ್ಚು ಮಾತಿನವನಲ್ಲ, ಆದರೆ ಅವನಿಗೆ ಎಲ್ಲ ಗೊತ್ತಾಗುತ್ತದೆ. "ಮೇಡಂ, ಇವತ್ತು ಹಸಿರು ಬೀಳೋ ಹಾಗಿದೆ. ನಿಧಾನ ಮಾಡಿ ಕೆಂಪು ಹಿಡೀತೀನಿ, ಹಿಂದಿನವನು ಬೈದ್ರೆ ಬೈಕೊಳ್ಲಿ" ಎನ್ನುತ್ತಿದ್ದ. ಒಮ್ಮೆ, "ಬಸ್ಸಲ್ಲಿರೋರೆಲ್ಲ ಕೈ ಬೀಸ್ತಾರೆ, ನಿಮ್ಮ ಕೈಗೇನಾಗಿದೆ?" ಎಂದು ಕೇಳಿದ. ಕೈಯಲ್ಲಿ ಮೈಕ್ ಇದೆಯಲ್ಲ ಎಂದೆ.

ಹೋದ ವರ್ಷವೇ ಒಬ್ಬಾಕೆ ಇನ್ನೊಂದು ಪ್ರಶ್ನೆ ಕೇಳಿದರು. ಅಜ್ಜಿಯ ಕೈಯಲ್ಲಿ ಒಂದು ಹಾಳೆ ಇದೆ, ಅದರಲ್ಲಿ ಏನು ಬರೆದಿದೆ ಎಂದು. ನಾನು ಕೆಲಸಕ್ಕೆ ಸೇರಿದ ದಿನ ಹಿರಿಯ ಗೈಡ್ ಕಲಿಸಿದ ಮೊದಲ ಪಾಠ, "ಗೊತ್ತಿಲ್ಲ ಅನ್ನೋ ಮಾತನ್ನ ಬಸ್ ಹತ್ತಿಸ್ಬೇಡ" ಅಂತ. ನಾನು ಬಗ್ಗಿ ನೋಡಲೂ ಇಲ್ಲ. 'ಸ್ವಾಗತ' ಎಂದು ಬರೆದಿದೆ ಎಂದೆ. ಸೆಖೆಗೆ ನೀನು ಹಳೇ ಕ್ಯಾಲೆಂಡರ್ ಬೀಸಿಕೊಳ್ಳುತ್ತಿರಬೇಕು ಎಂದುಕೊಂಡಿದ್ದೆ. ಆಮೇಲೆ ಪ್ರತಿ ಸಲವೂ ಯಾರೂ ಕೇಳದಿದ್ದರೂ ನಾನೇ ಹೇಳುತ್ತಿದ್ದೆ. ನೋಡಿ, ನಮ್ಮ ಊರಿನವರು ನಿಮಗೆ ಸ್ವಾಗತ ಎನ್ನುತ್ತಿದ್ದಾರೆ.

ಮೊನ್ನೆ ಶನಿವಾರ ಆಫೀಸಿಗೆ ಒಂದು ಲಕೋಟೆ ಬಂತು. ಜೂನ್‌ನಲ್ಲಿ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಕಳಿಸಿದ ಫೋಟೋ. ಅದರ ಹಿಂಬದಿಗೆ, 'ನಿಮ್ಮ ಊರಿನ ಸ್ವಾಗತ ಮರೆಯುವುದಿಲ್ಲ' ಎಂದು ಅವರ ಭಾಷೆಯಲ್ಲಿ ಬರೆದಿದ್ದರು. ಫೋಟೋದಲ್ಲಿ ನೀನಿದ್ದೆ. ನೀಲಿ ಸ್ವೆಟರ್, ಕೂದಲು ಪೂರ್ತಿ ಬೆಳ್ಳಗಾಗಿದೆ. ಅದನ್ನು ತಮ್ಮ ನನಗೆ ಹೇಳಿರಲಿಲ್ಲ. ಕೈಯಲ್ಲಿ ಕ್ಯಾಲೆಂಡರಿನ ಹಿಂಬದಿ, ಹರಿದ ಅಂಚಿಗೆ ಅಂಟುಪಟ್ಟಿ. ದಪ್ಪ ಅಕ್ಷರದಲ್ಲಿ, 'ಊಟಕ್ಕೆ ಬಾ.'

ಫೋಟೋವನ್ನು ಡ್ರೈವರ್‌ಗೆ ತೋರಿಸಿದೆ. ಅವನಿಗೂ ತನ್ನ ಸೀಟಿನಿಂದ ನೀನು ಕಾಣುತ್ತಿರಲಿಲ್ಲ. ಓದಿ, ಕನ್ನಡಕ ತೆಗೆದು ಒರೆಸಿ, "ಹೋದ ವರ್ಷದಿಂದ ಊಟ ಆರ್ತಾ ಇದೆಯಲ್ಲ ಮೇಡಂ" ಎಂದ.

ಅಪ್ಪ ಹೋದ ದಿನ ನಾನು ಆಸ್ಪತ್ರೆಗೆ ಬಂದಾಗ ಸಂಜೆ ಆರೂವರೆ. ಫೋನ್ ಆಫ್ ಆಗಿತ್ತು ಎಂದೆ. ನೀನು ಎಲ್ಲರೆದುರು, "ಹಡಗಿನವರೇ ನಿನಗೆ ನೆಂಟರು. ಇನ್ನು ಊಟಕ್ಕೂ ಅಲ್ಲಿಗೇ ಹೋಗು" ಎಂದೆ. ಆ ಮಾತು ಹಿಡಿದುಕೊಂಡು ನಾನು ನಿನ್ನ ಮೆಟ್ಟಿಲು ಹತ್ತಲಿಲ್ಲ. ನೀನು ಅದನ್ನು ಹಾಳೆಯ ಮೇಲೆ ಬರೆದು ವಾಪಸ್ ತೆಗೆದುಕೊಂಡೆ. ನಾನು ನಲವತ್ತು ಜನಕ್ಕೆ ಅದನ್ನು ತಪ್ಪು ಓದಿ ಹೇಳುತ್ತಿದ್ದೆ.

ಭಾನುವಾರ ಹಡಗಿಲ್ಲ. ಊಟಕ್ಕೆ ಬರುತ್ತೇನೆ. ಏನೂ ವಿಶೇಷ ಮಾಡಬೇಡ, ಅನ್ನ ಸಾರು ಸಾಕು. ತಮ್ಮನಿಗೆ ಈಗಲೇ ಹೇಳಬೇಡ, ಓಡಿ ಬಂದು ನಡುವೆ ಕೂತುಬಿಡುತ್ತಾನೆ.

ನಿನ್ನ ಬಾಯಿಬಡುಕಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಆ ದಿನ ಫೋನ್ ಆಫ್ ಆಗಿರಲಿಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ತಮ್ಮ ಫೋನ್ ಮಾಡಿದ, ನಾನು ತೆಗೆದೆ. ಆಗ ನಾವು ಗೋಪುರದ ಕೆಳಗಿದ್ದೆವು. ನಲವತ್ತೆರಡು ಜನ ಕತ್ತೆತ್ತಿ ಗಡಿಯಾರ ನೋಡುತ್ತಿದ್ದರು. ಫೋನ್ ಚೀಲಕ್ಕೆ ಹಾಕಿ, ಎಂದಿನ ಹಾಗೆ, ಮೂವತ್ತು ವರ್ಷದಿಂದ ಇದಕ್ಕೆ ಎಣ್ಣೆ ಹಾಕಿ ಸರಿಯಾಗಿ ನಡೆಸುತ್ತಿರುವವರು ನಮ್ಮ ಅಪ್ಪ ಎಂದೆ. ಅವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಪೇಟೆ ತೋರಿಸಿದೆ, ಬಂದರಿಗೆ ಬಿಟ್ಟೆ. ಒಂದು ಇಸವಿಯನ್ನೂ ತಪ್ಪು ಹೇಳಲಿಲ್ಲ. ಬೇರೆ ಗೈಡ್ ಸಿಗುತ್ತಿರಲಿಲ್ಲ ಎಂಬುದು ನಿಜ. ಆದರೆ ನಾನು ಯಾರನ್ನೂ ಕೇಳಲಿಲ್ಲ ಎಂಬುದೂ ನಿಜ. ಮಾತು ನಿಲ್ಲಿಸಿದರೆ ಅಪ್ಪ ಇಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕಿತ್ತು. ತಮ್ಮ ಇದನ್ನು ನಿನ್ನಿಂದ ಇಷ್ಟು ದಿನ ಮುಚ್ಚಿಟ್ಟಿದ್ದಾನೆ. ಅವನನ್ನು ಬೈಯಬೇಡ.

ಭಾನುವಾರ ಹನ್ನೊಂದು ಇಪ್ಪತ್ತಕ್ಕೆ ಎದುರಿನ ಫುಟ್‌ಪಾತಿನಲ್ಲಿ ನಿಂತಿರುತ್ತೇನೆ. ಇದನ್ನು ಓದಿದ ಮೇಲೂ ಆ ಹಾಳೆ ಹಿಡಿಯುವ ಮನಸ್ಸಿದ್ದರೆ ಹಿಡಿ. ಈ ಸಲ ಕತ್ತೆತ್ತಿ ನಾನೇ ಓದಿಕೊಳ್ಳುತ್ತೇನೆ.