ಅಂದೋಲಾ ಕಡೆಯ ದಾರ

ಅಫಜಲಪುರ
೧೪ ಎಪ್ರಿಲ್ ೧೯೮೧, ಮಂಗಳವಾರ

ಚಿರಂಜೀವಿ ಸೌಭಾಗ್ಯವತಿ ಹೀರಾಬಾಯಿಗೆ, ಗೋಡೆಯ ಈಚೆ ಕಡೆಯಿಂದ ನಿನ್ನ ನೆಗೆಣ್ಣಿ ಗುರುಬಾಯಿಯ ಆಶೀರ್ವಾದಗಳು.

ಅಫಜಲಪುರ ತಾಲೂಕಿನ ಸಮಸ್ತ ಹಿರಿಯರಿಗೂ ಕಿರಿಯರಿಗೂ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಜಗಿಯುವ ಎಲ್ಲ ಗಣ್ಯರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಗೋಡೆಯ ಹಲಗೆಯಲ್ಲಿರುವ ಹಿತ್ತಾಳೆ ಉಂಗುರವು ಒಂದು ತಿರುವು ಮುಂದೆ ಸರಿದಿದೆ. ಡಂಗುರ ಹೊಡೆಸುವ ವಿಚಾರವಿತ್ತು. ಡಂಗುರದವನು ಮಗಳ ಮದುವೆಗೆ ಹೋಗಿರುವುದರಿಂದ ಪತ್ರದಲ್ಲೇ ಸಾರುತ್ತಿದ್ದೇನೆ.

ಇದರಲ್ಲೇನು ವಿಶೇಷ ಎಂದು ನೀನು ಕೇಳಬಹುದು. ಕೇಳುವ ಸ್ಥಿತಿಯಲ್ಲಿ ನೀನಿಲ್ಲವೆಂದು ಗೊತ್ತು. ಆದರೂ ಕೇಳಿದೆ ಎಂದುಕೊಂಡೇ ಬರೆಯುತ್ತೇನೆ. ಜಗದೇವಪ್ಪ ನಿನ್ನ ಮಂಚದ ಪಕ್ಕ ಕೂತು ಇದನ್ನು ಕಿವಿಯಲ್ಲಿ ಓದಲಿ. ಅವನ ಮೂಗು ಒರೆಸಿ ಬೆಳೆಸಿದ ಅತ್ತಿಗೆ ನಾನು, ಇಷ್ಟು ಹೇಳುವ ಹಕ್ಕಿದೆ. ನಿನ್ನ ಗಂಡ ಓದುವಾಗ ಸಾಲಿಗೊಮ್ಮೆ ಕೆಮ್ಮುತ್ತಾನೆ, ಸಹಿಸಿಕೋ. ವಿಶೇಷವೇನೆಂದರೆ, ಉಂಗುರ ಸರಿಯಬೇಕಾದರೆ ನಿನ್ನ ಅಡಿಗೆಮನೆಯಲ್ಲಿ ಯಾರಾದರೂ ಕೂತು ದಾರ ಜಗ್ಗಬೇಕು. ನಿನ್ನ ಮನೆಗೆ ಕೀಲಿ ಬಿದ್ದಿದೆ. ಕೀಲಿಕೈ ನಿನ್ನ ಸೊಂಟದ ಜೊತೆ ಸೊಲ್ಲಾಪುರದ ದವಾಖಾನೆಗೆ ಹೋಗಿದೆ.

ಜಗದೇವಪ್ಪ ಓದುವಾಗ ಪಕ್ಕದ ಮಂಚದವರೂ ಕಿವಿ ಕೊಡುವುದು ಖಾತ್ರಿ. ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ. ಅವರಿಗಾಗಿ ಹಲಗೆಯ ಪುರಾಣವನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಅಣ್ಣತಮ್ಮಂದಿರು ವಾಡೆಯನ್ನು ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದಾಗ, ನಮ್ಮ ಮಾವ ಬಡಿಗ ಮೌಲಾಲಿಯನ್ನು ಕರೆಸಿ, ಎರಡೂ ಅಡಿಗೆಮನೆಗಳ ನಡುವಿನ ಗೋಡೆಯಲ್ಲಿ ಒಂದು ಹಲಗೆ ಕೂಡಿಸಿದರು. ನನ್ನ ಕಡೆ ಅದರ ತುಂಬ ಕೊರೆದ ಓಣಿಗಳು, ಓಣಿಗಳಲ್ಲಿ ಅಲ್ಲಲ್ಲಿ ಗುಂಡಿಗಳು, ನಡುಮಧ್ಯದಲ್ಲಿ ಒಂದು ಪುಟ್ಟ ಚೌಕ. ಅದಕ್ಕೆ ‘ಮನೆ’ ಎಂದು ಹೆಸರು. ಉಂಗುರಕ್ಕೆ ಕಟ್ಟಿದ ನಾಲ್ಕು ದಾರಗಳು ನಾಲ್ಕೂ ಬದಿಯ ತೂತುಗಳಿಂದ ನಿನ್ನ ಕಡೆಗೆ ಹೋಗಿವೆ. ನಿನ್ನ ಕಡೆ ಬರೀ ಬೋಳು ಹಲಗೆ. ಓಣಿ ಕಾಣುವುದು ನನಗೆ, ದಾರ ಸಿಗುವುದು ನಿನಗೆ. ನಾನು ಹೇಳಬೇಕು, ನೀನು ಜಗ್ಗಬೇಕು, ಉಂಗುರ ಮನೆ ಸೇರಬೇಕು. ಗುಂಡಿಗೆ ಬಿದ್ದರೆ ಮತ್ತೆ ಮೊದಲಿನಿಂದ.

ಪಾಲಾದ ಮನೆಯ ಹೆಂಗಸರು ಮಾತು ಬಿಡುತ್ತಾರೆಂದು ಮಾವನಿಗೆ ಗೊತ್ತಿತ್ತು. ನಾವೂ ಬಿಟ್ಟೆವು. ಬೀಸುವ ಕಲ್ಲು ನಿನ್ನ ಪಾಲಿಗೆ ಹೋದಂದಿನಿಂದ, ಎದುರಾದರೆ ನೀನು ಆಕಾಶ ನೋಡುತ್ತೀ, ನಾನು ನೆಲ ನೋಡುತ್ತೇನೆ. ಆದರೆ ಮಧ್ಯಾಹ್ನ ಹಲಗೆಯ ಮುಂದೆ ಕೂತಮೇಲೆ ಬಾಯಿ ಬಿಡದೆ ಗತಿಯಿಲ್ಲ. ಮೊದಮೊದಲು ನಾನು ಎಡ ಎಂದರೆ ಗೋಡೆಯಾಚೆ ನಿನಗದು ಬಲವಾಗಿ, ಎಷ್ಟು ಸಲ ಗುಂಡಿಗೆ ಬಿದ್ದೆವೋ ಲೆಕ್ಕವಿಲ್ಲ. ಕೊನೆಗೆ ತವರುಮನೆಗಳ ಹೆಸರಲ್ಲಿ ರಾಜಿಯಾಯಿತು. ಮೂಡಲಿಗೆ ನಿನ್ನ ತವರು, ಅಂದೋಲಾ ಕಡೆ. ಪಡುವಲಿಗೆ ನನ್ನದು, ಅಕ್ಕಲಕೋಟೆ ಕಡೆ. ಅಂದೋಲಾ ಕಡಿ ಜಗ್ಗ, ಬೀಸೋ ಕಲ್ಲಿನ ಸಾವಕಾರ್ತಿ ಎಂದು ನಾನು. ಜಗ್ಗೇನ್ರಿ ಅಕ್ಕಾ, ಗುಂಡಿ ಎಲ್ಲಾ ನಿಮ್ಮ ಅಕ್ಕಲಕೋಟೆ ಕಡೀನ ಅದಾವಲ್ರಿ ಎಂದು ನೀನು. ಇಷ್ಟು ವರ್ಷದ ನಮ್ಮ ಸಂಸಾರದ ಮಾತೆಲ್ಲ ಇಷ್ಟೇ. ಇಷ್ಟರಲ್ಲೇ ಎಲ್ಲ ಹೇಳಿಕೊಂಡಿದ್ದೇವೆ.

ಆಟಕ್ಕೆ ಮಾವ ಇಟ್ಟ ಕಾಯಿದೆ ಒಂದೇ. ಉಂಗುರ ಮನೆ ಸೇರುವ ತನಕ ದಾರದ ಮುಂದೆ ಕೂತವಳು ಏಳಬಾರದು. ಸೇರಿದ ಮೇಲೆ ಎದ್ದು ಹೋಗುತ್ತೇನೆಂದರೆ ಯಾರೂ ತಡೆಯಬಾರದು. ನೀನು ಅರ್ಧಕ್ಕೆ ಎದ್ದದ್ದು ಒಂದೇ ಸಲ, ಹೊಟ್ಟೆಯ ನೋವು ತಾಳದೆ ಜೀಪು ತರಿಸಿದ ದಿನ. ಜೀಪು ಹತ್ತುವಾಗಲೂ ನನ್ನನ್ನು ನೋಡದೆ, ಆಕಾಶ ನೋಡಿಯೇ, ಉಂಗುರ ಅಲ್ಲೇ ಇರಲಿ, ಬಂದ ಮೇಲೆ ಮುಗಿಸೋಣ ಎಂದೆ. ನಾನು ನೆಲ ನೋಡಿ ಹ್ಞೂಂ ಎಂದೆ.

ಆಮೇಲೆ ಒಂದು ಮಧ್ಯಾಹ್ನ. ಬಿಸಿಲಿಗೆ ನಾಯಿ ಸಹ ಬೊಗಳದ ಹೊತ್ತು. ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು, ರೂಢಿಯ ಮೇಲೆ ಹಲಗೆಯ ಮುಂದೆ ಕೂತೆ. ರೂಢಿಯ ಮೇಲೇ ಬಾಯಿಂದ ಬಂತು, ಕೆಳಗ ಜಗ್ಗ ಎಂದು. ಉಂಗುರ ಕೆಳಗಿಳಿಯಿತು. ಅಂದೋಲಾ ಕಡಿ ಎಂದೆ, ಅತ್ತ ಸರಿಯಿತು.

ನಮ್ಮವರು ಹೆಗ್ಗಣ ಎಂದು ತೀರ್ಪು ಕೊಟ್ಟರು. ಇರಬಹುದು. ನಮ್ಮ ಓಣಿಯ ಹೆಗ್ಗಣಗಳು ಶಾಣ್ಯಾ ಇವೆ, ಒಪ್ಪುತ್ತೇನೆ. ಆದರೆ ಅಂದೋಲಾ ಯಾವ ದಿಕ್ಕಿಗಿದೆ ಎಂದು ತಿಳಿದ ಹೆಗ್ಗಣವನ್ನು ನಾನು ಕಂಡಿಲ್ಲ. ಅದೂ ಜಗ್ಗುವ ಮೊದಲು ದಾರವನ್ನು ಎರಡು ಸಲ ಮಿಡಿದು ನೋಡುವ ಹೆಗ್ಗಣ. ಹಾಗೆ ಮಿಡಿಯುವವಳು ನೀನೊಬ್ಬಳೇ.

ಮಜ್ಜಿಗೆ ಮಾರುವ ಪೀರಬಿ ಬಂದಿದ್ದಳು. ಸಾಕ್ಷಿಗೆ ಇರಲೆಂದು ಕೂರಿಸಿಕೊಂಡೆ. ಉಂಗುರ ಸರಿಯುವುದನ್ನು ನೋಡಿ ಅವಳು ಎದ್ದು ನಿನ್ನ ತಲೆಬಾಗಿಲಿಗೆ ಹೋಗಿ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, “ಬಾಯಿ, ಕೀಲಿ ಹಂಗೇ ಅದರಿ. ಮ್ಯಾಲ ಜೇಡರ ಬಲಿ ಸೈತ ಹರದಿಲ್ಲ,” ಎಂದಳು. ಒಂದು ಸಲ ತಾನೇ ಹೇಳಿ ನೋಡುತ್ತೇನೆಂದು ಹಲಗೆಯ ಹತ್ತಿರ ಬಾಯಿ ಒಯ್ದು, ಮೇಲೆ ಜಗ್ಗು ಎಂದಳು. ಉಂಗುರ ಮಿಸುಕಲಿಲ್ಲ. ಅದನ್ನೇ ನಾನು ಅಂದೆ, ಉಂಗುರ ಸರಿಯಿತು. ಪೀರಬಿ ಗಡಿಗೆ ಬಿಟ್ಟು ಹೋದವಳು ಇನ್ನೂ ತಿರುಗಿ ಬಂದಿಲ್ಲ. ಮಜ್ಜಿಗೆ ಲಾಭ.

ಕೀಲಿ ಒಡೆದು ನೋಡೋಣವೇ ಎಂದು ನಮ್ಮವರು ಸುತ್ತಿಗೆ ಹಿಡಿದರು. ನಾನೇ ಬೇಡವೆಂದೆ. ಒಳಗೆ ಯಾರೂ ಇಲ್ಲದಿದ್ದರೆ ಏನು ಮಾಡುವುದು? ಇದ್ದರೆ ಏನು ಮಾಡುವುದು? ಅವರು ಸುತ್ತಿಗೆ ಇಟ್ಟು ಹೊಲಕ್ಕೆ ಹೋದರು. ಈಗ ಸೂರ್ಯ ಮುಳುಗುವ ತನಕ ಹೊಲದಲ್ಲೇ ಇರುತ್ತಾರೆ. ಇಷ್ಟು ಮನಸ್ಸಿಟ್ಟು ಒಕ್ಕಲುತನ ಮಾಡಿದ್ದನ್ನು ನಾನು ಮದುವೆಯಾದಂದಿನಿಂದ ನೋಡಿರಲಿಲ್ಲ.

ನನಗೂ ಮೊದಲೆರಡು ದಿನ ಮಜಾ ಅನ್ನಿಸಿತು, ಸುಳ್ಳೇಕೆ. ಅಷ್ಟರಲ್ಲಿ ಸೊಲ್ಲಾಪುರ ಬಸ್ಸಿನ ಕಂಡಕ್ಟರ್ ರಸೂಲ ಸುದ್ದಿ ತಂದ. ಆಪರೇಶನ್ ಆಯಿತಂತೆ, ನೀನು ಮಾತ್ರ ಕಣ್ಣು ತೆರೆದಿಲ್ಲವಂತೆ, ಕಾಯಬೇಕೆಂದು ಡಾಕ್ಟರು ಹೇಳಿದ್ದಾರಂತೆ. ಇಷ್ಟನ್ನೂ ಹೇಳಿ, ಚಹಾ ಕುಡಿದು, ಹೊರಟವನು ಹೊಸ್ತಿಲಲ್ಲಿ ನಿಂತ. “ಒಂದು ಮಾತ್ರಿ ಬಾಯಿ. ದಿನಾ ಮಧ್ಯಾಹ್ನ ಊಟದ ಹೊತ್ತು ಮುಗಿದ ಕೂಡ್ಲೇ ಆ ಬಾಯಿಯವರು ಬೊಟ್ಟು ಆಡಸಾಕತ್ತಾರ. ಚಾದರ ಹಿಡದು ಜಗ್ಗತಾರ್ರಿ. ಮೊದಲ ಹಿಂಗ ಎರಡು ಸಲ ಮಿಡದು, ಆಮ್ಯಾಲ ಜಗ್ಗತಾರ.”

ಅವನು ಹೋದಮೇಲೆ ಹಲಗೆಯ ಮುಂದೆ ಬಂದು ನೋಡಿದೆ. ಉಂಗುರ ಕೊನೆಯ ತಿರುವಿನಲ್ಲಿತ್ತು. ಅಂದೋಲಾ ಕಡೆ ಒಂದು ಸಲ ಜಗ್ಗಿದರೆ ಸಾಕು, ಮನೆ. ಮನೆ ಸೇರಿದರೆ ನೀನು ಎದ್ದು ಹೋಗಬಹುದು, ನಮ್ಮನ್ನೆಲ್ಲ ಬಿಟ್ಟು. ಎದ್ದರೆ ತಡೆಯುವ ಹಾಗಿಲ್ಲ. ನನ್ನ ಬಾಯಿಂದ ಆ ಮಾತು ಬರಬಾರದೆಂದು ಸೆರಗು ಕಚ್ಚಿಕೊಂಡು ಕೂತೆ.

ಅಂದಿನಿಂದ ನಾನು ಲೋಕದಲ್ಲೇ ಅತಿ ಕೆಟ್ಟ ಆಟಗಾರ್ತಿ. ಮೇಲೆ ಹೋಗಬೇಕಾದಲ್ಲಿ ಕೆಳಗೆ ಎನ್ನುತ್ತೇನೆ. ಅಕ್ಕಲಕೋಟೆ ಕಡೆಯ ಒಂದು ಗುಂಡಿಯನ್ನೂ ಬಿಟ್ಟಿಲ್ಲ. ನೀನು ನಂಬಿ ಜಗ್ಗುತ್ತೀ, ಉಂಗುರ ಬೀಳುತ್ತದೆ, ನಾನು ಎತ್ತಿ ಮೊದಲ ಮೂಲೆಯಲ್ಲಿ ಇಡುತ್ತೇನೆ. ನಿನಗೆ ಓಣಿ ಕಾಣುವುದಿಲ್ಲವೆಂಬ ಧೈರ್ಯ ನನಗೆ. ಕೇಳಿ ಸಿಟ್ಟಾದೆಯಾ? ಆಗು. ಕಣ್ಣು ಬಿಟ್ಟು ಬೈಯಿ.

ಆದರೆ ಹೀರಾ, ಮೊನ್ನೆಯಿಂದ ನೀನು ನನ್ನ ಮಾತು ಕೇಳುತ್ತಿಲ್ಲ. ನಾನು ಅಕ್ಕಲಕೋಟೆ ಎಂದರೆ ದಾರ ಎರಡು ಸಲ ಮಿಡಿಯುತ್ತದೆ, ಸುಮ್ಮನಾಗುತ್ತದೆ, ಆಮೇಲೆ ಉಂಗುರ ತನ್ನಷ್ಟಕ್ಕೆ ಸರಿ ಓಣಿಯಲ್ಲೇ ಹೋಗುತ್ತದೆ. ಕಾಣದ ದಾರಿ ನಿನಗೀಗ ಹೇಗೆ ಕಾಣುತ್ತದೆ? ನಿನ್ನೆ ಕೊನೆಯ ತಿರುವಿಗೆ ಬಂದು ನಿಂತಾಗ ಹಲಗೆಯ ಹಿಂದಿನಿಂದ ನಿನ್ನ ದನಿ ಬಂತು. ನೋವಿನ ದನಿಯಲ್ಲ. ಬಹಳ ಹೊತ್ತು ಕೂತು ಕಾಲು ಜೋಮು ಹಿಡಿದವರ ದನಿ.

“ಅಕ್ಕಾ, ಸಾಕ್ರಿ. ಏಳ್ತೇನಿ.”

“ಕೂಡು,” ಎಂದೆ. “ಆಟ ಮುಗಿದಿಲ್ಲ.”

ಪರಾತದಲ್ಲಿ ನಾದಿಟ್ಟ ಜೋಳದ ಹಿಟ್ಟಿತ್ತು. ಒಂದು ಉಂಡೆ ತೆಗೆದು ಮನೆಯ ಬಾಯಿಗೆ ಒತ್ತಿಬಿಟ್ಟೆ. ಉಂಗುರ ಬಂದು ಹಿಟ್ಟಿಗೆ ತಾಗಿ ನಿಂತಿತು. ನಮ್ಮ ಆಟದ ಚರಿತ್ರೆಯಲ್ಲಿ ಇದು ಮೊದಲ ಮೋಸ, ದಾಖಲಾಗಲಿ. ದಾರ ಮಾತ್ರ ಸಡಿಲಾಗಿಲ್ಲ. ಬೆರಳಿಟ್ಟು ನೋಡಿದೆ, ತಂತಿಯ ಹಾಗೆ ಬಿಗಿಯಾಗಿತ್ತು. ಹಿಟ್ಟು ಒಣಗಿದರೆ ಉದುರುತ್ತದೆಂದು ಆಗಾಗ ಹೊಸ ಉಂಡೆ ಒತ್ತುತ್ತಿದ್ದೇನೆ. ಗಿರಣಿಯ ಹಿಟ್ಟಿಗೆ ಜಿಗುಟೇ ಇಲ್ಲ. ಬೀಸುವ ಕಲ್ಲಿನ ಹಿಟ್ಟಾಗಿದ್ದರೆ ಕಚ್ಚಿ ಹಿಡಿಯುತ್ತಿತ್ತು. ಕಲ್ಲು ಯಾರ ಮನೆಯಲ್ಲಿದೆ ಎಂದು ಈಗ ನಾನು ಹೇಳುವುದಿಲ್ಲ. ಅದು ನನ್ನದೇ ಆಗಬೇಕಿತ್ತು ಎಂಬ ಮಾತಿಗೆ ಇಂದಿಗೂ ಬದ್ಧಳು. ಬಾ, ಎದುರು ನಿಂತು ಜಗಳಾಡು. ಈ ಸಲ ನಾನು ನೆಲ ನೋಡುವುದಿಲ್ಲ.

ನಿನ್ನನ್ನು ಏಳಗೊಡದ,
ಅಕ್ಕ ಗುರುಬಾಯಿ

ತಾ.ಕ.: ಜಗದೇವಪ್ಪ, ಇಲ್ಲಿಂದ ಮುಂದಿನದನ್ನು ಅವಳ ಕಿವಿಯಲ್ಲಿ ಓದಬೇಡ. ಪತ್ರ ಮಡಿಚುವಷ್ಟರಲ್ಲಿ ಹಿಟ್ಟು ಸೀಳಿದೆ. ಒಂದು ಕೈಯಿಂದ ಅದನ್ನು ಒತ್ತಿ ಹಿಡಿದು ಇನ್ನೊಂದರಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ರಸೂಲ ಹೊರಗೆ ಕಾಯುತ್ತಿದ್ದಾನೆ, ಸಂಜೆಗೆ ಇದು ನಿನ್ನ ಕೈ ಸೇರುತ್ತದೆ. ಸೇರಿದ ಕೂಡಲೆ ಒಂದು ಸಣ್ಣ ಕೆಲಸ ಮಾಡು. ಅವಳ ಚಾದರದ ಮೂಡಲ ಕಡೆಯ ತುದಿಯನ್ನು, ಅವಳು ಜಗ್ಗಿದರೂ ಬರದ ಹಾಗೆ, ಮಂಚದ ಕಾಲಿಗೆ ಗಟ್ಟಿ ಗಂಟು ಹಾಕಿ ಕಟ್ಟು. ಅಲ್ಲಿ ದಿಕ್ಕು ತಿಳಿಯದಿದ್ದರೆ ರಸೂಲನನ್ನು ಕೇಳು, ಅಂದೋಲಾ ಯಾವ ಕಡೆಗೆ ಎಂದು.