ಗುಂಗುರಿಯ ಬಲಗೈ

ಮಾರ್ಚ್ ೧೪, ಗುರುವಾರ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯೋ? ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಬರೆದು ಬರೆದು ಮೂರು ಸಲ ಹರಿದು ಹಾಕಿದೆ, ಅದಕ್ಕೇ ತಡ. ಮುನಿಸಿಕೊಂಡಿದ್ದರೆ ಮುನಿಸಿಕೋ, ಹುಟ್ಟಿದಾಗಿನಿಂದ ನಿನಗೆ ಮೂಗಿನ ತುದಿಯಲ್ಲೇ ಕೋಪ. ಎಲ್ಲರೆದುರು ನಿನ್ನ ಕೆನ್ನೆಗೆ ಹೊಡೆದ ಆ ಗೋದಾಮಿನ ಡ್ರೈವರನ ಕಾಲು ಮುರಿಯುತ್ತೇನೆ, ಕಬ್ಬಿಣದ ಸರಳು ತಂದು ಮಂಚದ ಕೆಳಗಿಟ್ಟಿದ್ದೇನೆ ಅಂತ ಬರೆದಿದ್ದೀಯಲ್ಲ, ಅದನ್ನು ಎರಡೆರಡು ಸಲ ಓದಿದೆ. "ನೀನಾಗಿದ್ರೆ ಏನ್ ಮಾಡ್ತಿದ್ದೆ ಅಕ್ಕಾ?" ಅಂತ ಬೇರೆ ಕೇಳಿದ್ದೀಯ. ಹೇಳುತ್ತೇನೆ, ಕೇಳು.

ನಮ್ಮ ಡಬ್ಬದ ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಯಂತ್ರಕ್ಕೆ ಎದುರುಬದುರು ಇಬ್ಬರು. ತಗಡು ಇಡುವವಳು ನಾನು, ಮುಚ್ಚಳ ತೆಗೆಯುವವಳು ಗುಂಗುರಿ. ಕೂದಲು ನೋಡಿ ಇಟ್ಟ ಹೆಸರು. ಇಬ್ಬರಿಗೂ ಒಂದೊಂದು ಗುಂಡಿ. ಎರಡೂ ಒತ್ತಿದರೆ ಮಾತ್ರ ಅಚ್ಚು ಬೀಳುತ್ತದೆ, ಯಾರ ಕೈಯೂ ಒಳಗಿರಬಾರದಲ್ಲ. ಒತ್ತುವ ಮೊದಲು ಒಬ್ಬರಿಗೊಬ್ಬರು "ಹ್ಞೂಂ" ಅನ್ನಬೇಕು.

ನನಗೂ ಮೇಸ್ತ್ರಿಗೂ ಸಂಬಂಧವಿದೆ ಎಂದು ಅವಳು ಊಟದ ಕೋಣೆಯಲ್ಲಿ ಹಬ್ಬಿಸಿದಳು. ನಿನ್ನ ಭಾವನ ಕಿವಿಗೂ ಬಿತ್ತು. ಮರುದಿನ ನಲ್ಲಿಯ ಹತ್ತಿರ ಅವಳ ಜುಟ್ಟು ಹಿಡಿದು ಮುಖವನ್ನು ಗೋಡೆಗೆ ಬಡಿದೆ. ಹಲ್ಲೊಂದು ಮುರಿಯಿತು. ಅವಳು ನನ್ನ ಭುಜ ಕಚ್ಚಿ ಚರ್ಮ ಕಿತ್ತಳು. ಬಿಡಿಸಲು ನಾಲ್ವರು ಬೇಕಾಯಿತು. ಸುಳ್ಳು ಯಾಕೆ, ಆ ಸಂಜೆ ಹೊಟ್ಟೆ ತಣ್ಣಗಾಗಿತ್ತು.

ಆಮೇಲೆ ಮಾತು ನಿಂತಿತು. "ಹ್ಞೂಂ" ಅನ್ನುವುದಕ್ಕೂ ಇಬ್ಬರಿಗೂ ಹಟ. ನನ್ನ ದನಿಗಾಗಿ ಕಾಯುವುದು ಬೇಡವೆಂದು ಅವಳು ತನ್ನ ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ, ಅದು ಯಾವಾಗಲೂ ಒತ್ತಿಯೇ ಇರುವಂತೆ ಮಾಡಿದಳು. ನಾನು ನೋಡಿಯೂ ಸುಮ್ಮನಾದೆ. ಅಲ್ಲಿಗೆ ಅಚ್ಚು ಬೀಳಿಸುವುದು ನನ್ನೊಬ್ಬಳ ಕೈಗೆ ಬಂತು.

ಹೋದ ತಿಂಗಳು ಒಂದು ಮುಚ್ಚಳ ಒಳಗೇ ಅಂಟಿಕೊಂಡಿತು. ಅವಳು ಕೈ ಹಾಕಿದಳು. ನಾನು ಒತ್ತಿದೆ. ಬಲಗೈಯ ನಾಲ್ಕು ಬೆರಳು ತಗಡಿನ ಜೊತೆ ಚಪ್ಪಟೆಯಾದವು. ರಕ್ತ ನನ್ನ ಬಾಯಿಗೆ ಹಾರಿತು.

ಆಸ್ಪತ್ರೆಗೆ ಹೋದೆ. ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಎಡಗೈಯಲ್ಲಿ ನನ್ನ ಕಣ್ಣೊರೆಸಿ, "ಅಳ್ಬೇಡ ಕಣೇ. ಚಕ್ಕೆ ಸಿಕ್ಸಿದ್ದು ನಾನೇ ಅಲ್ವಾ? ನನ್ನ ಕೈ ಒಳಗಿದೆ ಅಂತ ನಿಂಗೇನು ಗೊತ್ತಿತ್ತು?" ಅಂದಳು. ಮೇಸ್ತ್ರಿಯ ವಿಷಯ ಎತ್ತಿ, ತಪ್ಪಾಯಿತು ಎಂದೂ ಹೇಳಿದಳು.

ಸಿಟ್ಟು ಹೊಡೆದು ಸುಸ್ತಾಗುತ್ತದೆ ಕಣೋ. ದ್ವೇಷ ಹಾಗಲ್ಲ, ಉಂಡು ಮಲಗಿ, ಬೆಳಿಗ್ಗೆ ಮುಖ ತೊಳೆದುಕೊಂಡು ನಮ್ಮ ಜೊತೆ ಕೆಲಸಕ್ಕೆ ಬರುತ್ತದೆ. ಶತ್ರುವನ್ನು ಪ್ರೀತಿಸು ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬಾಯಿ ತುಂಬ ಬೈಯಿ, ದೂರು ಕೊಡು, ಬೇಕಾದರೆ ಬೇರೆ ಕೆಲಸ ಹುಡುಕು. ಆ ಸರಳನ್ನು ಮಾತ್ರ ಇವತ್ತೇ ಗುಜರಿಗೆ ಹಾಕು. ನಿನ್ನ ಕೈಗೆ ಅಂಥದ್ದು ಅಂಟುವುದು ಬೇಡ.

ನಿನ್ನ ಹೆಂಡತಿಗೂ ಮಗುವಿಗೂ ನನ್ನ ಆಶೀರ್ವಾದ. ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ

ಮತ್ತೊಂದು ಮಾತು: ಇದನ್ನು ನಿನ್ನ ಭಾವನಿಗೂ ಹೇಳಿಲ್ಲ. ಅವಳ ಕೈ ಒಳಗಿದ್ದದ್ದು ನನಗೆ ಕಂಡಿತ್ತು. ಬೆರಳಲ್ಲಿ ಉಂಗುರವಿತ್ತು, ಅದೂ ಕಂಡಿತು. ಆ ಹೊತ್ತಿಗೆ ನನಗೆ ಸಿಟ್ಟು ಒಂದಿಷ್ಟೂ ಇರಲಿಲ್ಲ ತಮ್ಮಾ. ನೋಡಿಯೇ ಒತ್ತಿದೆ.