ಹಳದಿ ಕಾಗದದ ಮೇಣ

ಸೇಜ್ ಫೋರ್ಕ್, ಮೊಂಟಾನಾ
ಅಕ್ಟೋಬರ್ 9, 2018

ಆನ್ಸೆಲ್,

ಹೆಸರಿನ ಮುಂದೆ ಯಾವ ಪದ ಸೇರಿಸಬೇಕೆಂದು ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಗಂಡನಾಗಿದ್ದವನನ್ನು ಹನ್ನೊಂದು ವರ್ಷಗಳ ಮೇಲೆ ಏನೆಂದು ಕರೆಯುವುದು? ಎರಡು ವರ್ಷದ ಹಿಂದೆ ನೀನು ಒರೆಗಾನ್ ಕರಾವಳಿಯಿಂದ ಹಾಕಿದ ಕಾರ್ಡು ನನಗೆ ತಲುಪಿತ್ತು. ದೋಣಿ ರಿಪೇರಿ ಕಲಿತೆ, ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ ಎಂದು ಎರಡೇ ಸಾಲು. ಉತ್ತರ ಬರೆಯದೆ ಇದ್ದುದಕ್ಕೆ ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದು ಹೇಳಲಾರೆ. ಕಾರ್ಡು ಅಡಿಗೆಮನೆಯ ಕಿಟಕಿಯ ಬಳಿಯೇ ಇದೆ, ಪಾತ್ರೆ ತೊಳೆಯುವಾಗ ದಿನಾ ಕಣ್ಣಿಗೆ ಬೀಳುತ್ತದೆ.

ನಾನು ಚೆನ್ನಾಗಿದ್ದೇನೆ. ಕಾಲೇಜಿನಲ್ಲಿ ಅದೇ ಪಾಠ, ಅದೇ ಕೋಣೆ. ಕವಿತೆಯಲ್ಲಿ ಹೇಳದೆ ಬಿಟ್ಟದ್ದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂದು ಹುಡುಗರಿಗೆ ಹೇಳಿಕೊಡುತ್ತೇನೆ. ನಿನ್ನ ನಾಯಿ ಬಸ್ಟರ್ ಹೋದ ಚಳಿಗಾಲದಲ್ಲಿ ಸತ್ತಿತು. ಹದಿನೈದು ವರ್ಷ ಬದುಕಿತು. ಕೊನೆಯವರೆಗೂ ನಿನ್ನ ಹಳೆಯ ಕೋಟಿನ ಮೇಲೆಯೇ ಮಲಗುತ್ತಿತ್ತು.

ಮೊದಲು ನಗು ಬರುವ ಸುದ್ದಿ ಹೇಳುತ್ತೇನೆ. ಅಪ್ಪ ಈಗ ಬಂದೂಕಿನ ಗುಂಡುಗಳಿಗೆ ಬಣ್ಣ ಹಚ್ಚುತ್ತಾನೆ.

ಹೌದು, ಅದೇ ಅಪ್ಪ. ಕೆಂಪು ಬಣ್ಣದ ಪುಡಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಹಳೆ ಸಾಮಾನಿನ ಅಂಗಡಿಯಿಂದ ತಂದ ಪುಟ್ಟ ಬ್ರೆಡ್ ಒಲೆ. ಶೆಡ್ಡಿನಲ್ಲಿ ಕೂತು ಸೀಸದ ಗುಂಡುಗಳನ್ನು ಆ ಡಬ್ಬಿಯಲ್ಲಿ ಹಾಕಿ ಗಲಗಲ ಕುಲುಕುತ್ತಾನೆ. ಪುಡಿ ಮೆತ್ತಿಕೊಂಡ ಒಂದೊಂದನ್ನೂ ಚಿಮಟದಲ್ಲಿ ಎತ್ತಿ ತಟ್ಟೆಯ ಮೇಲೆ ನಿಲ್ಲಿಸಿ, ಇಪ್ಪತ್ತು ನಿಮಿಷ ಬೇಯಿಸುತ್ತಾನೆ. ಉಳಿದಿರುವುದು ಎಡಗಣ್ಣೊಂದೇ ಆದ್ದರಿಂದ ಅರ್ಧದಷ್ಟು ಗುಂಡುಗಳು ತಟ್ಟೆಯ ಮೇಲೆ ಉರುಳುತ್ತವೆ, ಆಮೇಲೆ ಬೈಗುಳ. ತಾನು ಹಾರಿಸುವುದಿಲ್ಲ, ಶೂಟಿಂಗ್ ಕ್ಲಬ್ಬಿನವರಿಗೆ ಹಂಚುತ್ತಾನೆ. ಬಂದವರಿಗೆಲ್ಲ ಉಪದೇಶ ಬೇರೆ: "ನೋಡಪ್ಪಾ, ಸೀಸ ಬರಿಮೈಯಲ್ಲಿ ಬಂದೂಕಿನ ನಳಿಗೇಲಿ ಓಡಿದ್ರೆ ಒಳಗೆಲ್ಲ ಮೆತ್ಕೊಳ್ಳುತ್ತೆ. ಮೈಗೆ ಏನಾದ್ರೂ ಬೇಕೇ ಬೇಕು. ಮೇಣ, ಜಿಡ್ಡು ಎಲ್ಲಾ ಹಳೇ ಕಾಲದ್ದು. ಚಳಿಗೆ ಕಲ್ಲಾಗುತ್ತೆ, ಬಿಸಿಲಿಗೆ ನೀರಾಗುತ್ತೆ. ಬಣ್ಣ ಹಾಗಲ್ಲ, ಬೆಂದಮೇಲೆ ಚರ್ಮ ಇದ್ದಂಗೆ."

ಮಾತು ಮಾತೂ ನಿನ್ನದು. ಅದನ್ನು ನೀನು ಹೇಳಿದಾಗ ಇಲ್ಲಿ ಬಣ್ಣ ಹಚ್ಚುವವರೇ ಇರಲಿಲ್ಲ. ಆಗ ಇದೇ ಅಪ್ಪ ಕ್ಲಬ್ಬಿನ ಗಂಡಸರೆಲ್ಲರ ಮುಂದೆ, "ಏನ್ ಅಳಿಯಂದ್ರೇ, ಗುಂಡಿಗೆ ಉಗುರುಬಣ್ಣ ಹಚ್ಚಿ ಡ್ಯಾನ್ಸಿಗೆ ಕಳಿಸ್ತೀರಾ?" ಎಂದಿದ್ದ. ನೀನೂ ನಕ್ಕಿದ್ದೆ. ನಗುತ್ತಲೇ ಮಾರನೆಯ ದಿನ ಅವನ ಇಷ್ಟದಂತೆ ಮೇಣವನ್ನೇ ಬಳಸಿದ್ದೆ.

ಆ ಮೇಣದ ವಾಸನೆ ನಿನಗೆ ನೆನಪಿರಬೇಕು. ಅಮ್ಮನ ಜೇನುಪೆಟ್ಟಿಗೆಗಳ ಮೇಣ, ಕುರಿಕೊಬ್ಬು, ಉಣ್ಣೆಯಿಂದ ತೆಗೆದ ಜಿಡ್ಡು. ಅಮ್ಮ ಹೋದಮೇಲೆ ಅದನ್ನು ಕಾಯಿಸುವ ಕೆಲಸ ನನಗೆ ಬಂತು. ಚಳಿಗಾಲಕ್ಕೆ ಜಿಡ್ಡು ಹೆಚ್ಚು, ಮೆತ್ತಗಿನ ಬಿಲ್ಲೆ, ನೀಲಿ ಕಾಗದ. ಬೇಸಿಗೆಗೆ ಜೇನುಮೇಣ ಹೆಚ್ಚು, ಉಗುರು ಇಳಿಯದಷ್ಟು ಗಟ್ಟಿ, ಹಳದಿ ಕಾಗದ. ನೀನು ಬಾಣಲೆಯಲ್ಲಿ ಗುಂಡುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆ, ನಾನು ಕರಗಿದ ಮೇಣವನ್ನು, ಅದು ನಿಲ್ಲಲೆಂದು ಅವುಗಳ ಸೊಂಟದ ಸುತ್ತ ಇರುವ ಗೀರು ಮುಳುಗುವವರೆಗೆ ಸುರಿಯುತ್ತಿದ್ದೆ. ಆರಿದ ಮೇಲೆ ಒಂದೊಂದನ್ನೂ ಬಿಸ್ಕತ್ತಿನ ಹಾಗೆ ಕತ್ತರಿಸಿ ತೆಗೆಯುವುದು. ನಮ್ಮ ಮದುವೆಯ ಒಳ್ಳೆಯ ಸಂಜೆಗಳು ಅಲ್ಲೇ ಕಳೆದವು ಎಂದು ಈಗ ಅನ್ನಿಸುತ್ತದೆ.

ಹಳೆಯದನ್ನು ಕೆದಕುತ್ತಿರುವುದಕ್ಕೆ ಕಾರಣವಿದೆ. ಕಳೆದ ಶನಿವಾರ ಅಪ್ಪ, "ಥೋರಾ, ಮೇಲಿನ ಹಲಗೆ ಮೇಲೆ ಇನ್ನೊಂದು ತಟ್ಟೆ ಇರ್ಬೇಕು ನೋಡು" ಎಂದು ನನ್ನನ್ನು ಶೆಡ್ಡಿಗೆ ಕಳಿಸಿದ. ತಟ್ಟೆ ಸಿಗಲಿಲ್ಲ. ಅಮ್ಮನ ಮೇಣದ ಡಬ್ಬಗಳ ಹಿಂದೆ ಒಂದು ಕಾಫಿ ಡಬ್ಬ ಸಿಕ್ಕಿತು. ಅದರೊಳಗೆ, ಗುಂಡು ಮತ್ತು ಸಿಡಿಮದ್ದು ತುಂಬಿದ ಇಪ್ಪತ್ತು ತೋಟಾಗಳ ಪೆಟ್ಟಿಗೆ. ಮೇಲೆ ನಿನ್ನ ಕೈಬರಹದ ಚೀಟಿ: ಜುಲೈ 2007, ಮದ್ದಿನ ತೂಕ, ಮೇಣ ಹಳದಿ, ಕೊನೆಗೆ "ಮಾವನಿಗೆ, ಗೆದ್ದು ಬನ್ನಿ."

ಚೀಟಿಯನ್ನು ಎರಡು ಸಲ ಓದಿದೆ, ಆನ್ಸೆಲ್.

ಬೇರೆಯವರು ತುಂಬಿದ ತೋಟಾ ಹಾರಿಸಬಾರದು ಎಂಬುದು ಇಲ್ಲಿ ಅಪ್ಪಂದಿರು ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠ. ಅಪ್ಪ ಅರವತ್ತೆಂಟು ವರ್ಷ ಅದನ್ನು ಮೀರಿರಲಿಲ್ಲ. ಆ ವರ್ಷ ಅವನ ಬೆರಳುಗಳು ಊದಿಕೊಂಡಿದ್ದವು, ಮದ್ದು ಅಳೆಯಲು ಆಗುತ್ತಿರಲಿಲ್ಲ. "ಅಳಿಯಂದ್ರೇ, ಈ ಸಲದ ಗುರಿ ಪಂದ್ಯಕ್ಕೆ ನೀವೇ ತುಂಬಿ" ಎಂದ. ನೀನು ಅಂದು ರಾತ್ರಿ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಬಹುಮಾನ ಬಂದವನ ಹಾಗೆ ಇದ್ದೆ.

ಪಂದ್ಯದಲ್ಲಿ ಅವನ ಮೊದಲ ಗುಂಡು "ಟಪ್" ಎಂದಿತು, ಅಷ್ಟೆ. ನಳಿಗೆಯ ನಡುವೆ ಸಿಕ್ಕಿಕೊಂಡಿತು. ಕ್ಲಬ್ಬಿನ ಮರ್ಲ್ ಅಪ್ಪನಿಗೆ "ನಿಲ್ಸೋ ಹಾಲ್ವರ್, ನಿಲ್ಸು!" ಎಂದು ಕೂಗಿದ್ದು ನನಗೆ ಕೇಳಿಸಿತು, ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ ಅಪ್ಪನಿಗೆ ಕೇಳಿಸಲಿಲ್ಲ. ಬಂದೂಕಿನ ಲಿವರ್ ಎಳೆದ, ಎರಡನೆಯದು ಹಾರಿಸಿದ. ನಳಿಗೆ ಸೀಳಿತು. ಬಲಗಣ್ಣು ಹೋಯಿತು. ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲಿ ಮಲಗಿಕೊಂಡೇ ಅಪ್ಪ ಹೇಳಿದ: "ಮದ್ದು ಹಾಕೋದು ಮರ್ತಿದ್ದಾನೆ ಕಣ್ರೋ. ಖಾಲಿ ತೋಟಾ ಕೊಟ್ಟು ಕಳಿಸಿದ್ದಾನೆ."

ಸೇಜ್ ಫೋರ್ಕಿಗೆ ಅಷ್ಟು ಸಾಕಾಯಿತು. ನೀನು ಆಗಷ್ಟೇ ತೆರೆದಿದ್ದ ಬಂದೂಕು ರಿಪೇರಿ ಅಂಗಡಿಗೆ ಆಮೇಲೆ ಒಂದು ಬಂದೂಕೂ ಬರಲಿಲ್ಲ. ಕೊಟ್ಟಿದ್ದವರೂ ಹಾಗೆಯೇ ವಾಪಸು ಒಯ್ದರು. ಪೆಟ್ಟಿಗೆಯಲ್ಲಿ ಉಳಿದ ತೋಟಾಗಳನ್ನು ನೋಡೋಣ ಎಂದು ನೀನು ಮೂರು ಸಲ ಕೇಳಿದೆ. ಅಪ್ಪ ಮೂರು ಸಲವೂ ಹೊಳೆಗೆ ಎಸೆದೆ ಎಂದ.

ಎಸೆದಿರಲಿಲ್ಲ. ಪೆಟ್ಟಿಗೆಯಲ್ಲಿ ಹನ್ನೆರಡು ಇಡಿಯಾಗಿದ್ದವು, ಆರು ಬಿಚ್ಚಿದ್ದವು. ಬಿಚ್ಚಿದವುಗಳ ಮದ್ದನ್ನು ಮಾತ್ರೆಯ ಸೀಸೆಯೊಂದರಲ್ಲಿ ತುಂಬಿಡಲಾಗಿತ್ತು. ನಾನೂ ತೋಟಾ ಬಿಚ್ಚುವ ನಿನ್ನ ಸುತ್ತಿಗೆಯಿಂದ ನಾಲ್ಕನ್ನು ಬಿಚ್ಚಿದೆ. ಮದ್ದು ಇತ್ತು. ನಾಲ್ಕರಲ್ಲೂ ಇತ್ತು. ಆದರೆ ಪುಡಿಯಾಗಿರಲಿಲ್ಲ, ನೆನೆದ ಬೆಲ್ಲದ ಹಾಗೆ ಹೆಂಟೆಗಟ್ಟಿ, ಜಿಡ್ಡಾಗಿ, ಕಡ್ಡಿ ಹಾಕಿ ಕೆರೆಯಬೇಕಾಯಿತು. ಗುಂಡುಗಳ ಗೀರುಗಳು ಖಾಲಿ. ಮೇಣವೆಲ್ಲ ಕರಗಿ ಕೆಳಗಿಳಿದು ಮದ್ದನ್ನು ನೆನೆಸಿತ್ತು.

ನೀನು ಮರೆತಿರಲಿಲ್ಲ. ಅದು ಅಪ್ಪನಿಗೆ ಗೊತ್ತಿತ್ತು.

ಪೆಟ್ಟಿಗೆಯನ್ನು ತಂದು ತಿಂಡಿಯ ತಟ್ಟೆಯ ಪಕ್ಕದಲ್ಲಿಟ್ಟೆ. ಅಪ್ಪ ಬನ್ನನ್ನು ಸಾರಿನಲ್ಲಿ ಅದ್ದುತ್ತಿದ್ದವನು ನಿಲ್ಲಿಸಲಿಲ್ಲ.

"ಇದನ್ನ ಯಾವಾಗ ಬಿಚ್ಚಿದೆ?"

"ಆಸ್ಪತ್ರೆಯಿಂದ ಬಂದ ವಾರ."

"ಮದ್ದು ಇತ್ತಲ್ಲ ಅಪ್ಪಾ."

"ಇತ್ತು. ಆರರಲ್ಲೂ. ಅಳಿಯಂದ್ರ ಅಳತೆ ಒಂದು ಕಾಳೂ ತಪ್ಪಿರ್ಲಿಲ್ಲ." ಸ್ವಲ್ಪ ಹೊತ್ತು ಅಗಿದು, "ಒಳ್ಳೆ ಕೈ ಅವಂದು" ಎಂದ. ಹನ್ನೊಂದು ವರ್ಷಗಳಲ್ಲಿ ನಿನ್ನ ಬಗ್ಗೆ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು, ಸಾರು ಮೆತ್ತಿದ ಬಾಯಿಂದ.

"ಪಂದ್ಯದ ದಿನ ಪೆಟ್ಟಿಗೇನ ಗಾಡಿ ಗಾಜಿನ ಹತ್ರ ಬಿಸಿಲಲ್ಲಿ ಇಟ್ಟಿದ್ದು ಯಾರು? ನೀನು."

"ನಾನೇ. ಬೆಳಗ್ಗಿಂದ ಮಧ್ಯಾಹ್ನದವರ್ಗೂ ಅಲ್ಲೇ ಇತ್ತು. ಪ್ರತಿ ವರ್ಷ ಅಲ್ಲೇ ಇಡೋದು ನಾನು."

"ಹಾಗಿದ್ರೆ ಹೇಳ್ಬೇಕಿತ್ತು. ಅವನ ಜೀವನ ಹಾಳಾಯ್ತು."

ಅಪ್ಪ ಚಮಚ ಕೆಳಗಿಟ್ಟ. ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡಿದ. "ಹಳದಿ ಕಾಗದದ ಮೇಣ ಬಿಸಿಲಿಗೆ ಮೆತ್ತಗಾಗುತ್ತೆ ಥೋರಾ, ಇಳಿಯಲ್ಲ. ನಲವತ್ತು ವರ್ಷ ನಿಮ್ಮಮ್ಮ ಮಾಡಿದ್ದು ಒಂದು ಸಲಾನೂ ಇಳಿದಿಲ್ಲ." ಮತ್ತೆ ಚಮಚ ಎತ್ತಿಕೊಂಡ. "ಒಂದೇ ಮನೇಲಿ ಎಷ್ಟು ಜನರ ಹೆಸರು ಕೆಡಿಸ್ಲಿ? ಅವನು ಹೊರಗಿಂದ ಬಂದೋನು. ಹೊರಗೆ ಹೋದ. ಕಾಫಿ ಆರ್ತಿದೆ, ಕುಡಿ."

ನಾನು ಕಾಫಿ ಕುಡಿದೆ. ನಿನಗೆ ಬೇರೆ ಏನನ್ನಾದರೂ ಬರೆಯಬಹುದಿತ್ತು, ಲೋಟ ಒಡೆದೆ, ಕೂಗಾಡಿದೆ ಎಂದು. ಕುಡಿದು, ಅವನ ತಟ್ಟೆಯನ್ನೂ ತೊಳೆದಿಟ್ಟೆ.

ಮಧ್ಯಾಹ್ನ ಕ್ಲಬ್ಬಿಗೆ ಹೋದೆ. ಸೀಳಿದ ನಳಿಗೆಯನ್ನು ಅಲ್ಲಿ ಗೋಡೆಗೆ ತೂಗುಹಾಕಿದ್ದಾರೆ, ನಿನಗೆ ಗೊತ್ತಿರಲಾರದು. ನೀನು ಊರು ಬಿಟ್ಟ ಮೇಲೆ ಹಾಕಿದ್ದು. ಕೆಳಗೆ ಚೀಟಿ: "ಮದ್ದು ಹಾಕಲು ಮರೆತದ್ದು. ತುಂಬಿದವನು ಆನ್ಸೆಲ್ ಗ್ರೀರ್." ಹೊಸದಾಗಿ ಸೇರಿದವರನ್ನು ಮೊದಲು ಅದರ ಎದುರು ನಿಲ್ಲಿಸಿ ಬುದ್ಧಿ ಹೇಳುತ್ತಾರೆ. ನಿನ್ನ ಹೆಸರು ಇಲ್ಲಿ ಈಗ ಒಬ್ಬ ಮನುಷ್ಯನ ಹೆಸರಲ್ಲ. ಯಾರಾದರೂ ಅಜಾಗರೂಕನಾದರೆ "ಏಯ್, ಗ್ರೀರ್ ಆಗ್ಬೇಡ" ಎನ್ನುತ್ತಾರೆ. ನಿನ್ನ ಮುಖವನ್ನೇ ನೋಡಿರದವರು ಅನ್ನುತ್ತಾರೆ.

ಚೀಟಿಯನ್ನು ಕಿತ್ತೆ. ಕಾಫಿ ಪಾತ್ರೆ ತೊಳೆಯುತ್ತಿದ್ದ ಮರ್ಲ್ ತಿರುಗಿ ನೋಡಿದ.

"ಏನಮ್ಮಾ ಮೇಡಂ, ನಮ್ಮ ಗೋಡೆ ಬೋಳಿಸ್ತಿದ್ದೀಯ?"

"ಇದು ಸುಳ್ಳು ಮರ್ಲ್. ಮದ್ದು ಹಾಕಿದ್ದ. ಮೇಣ ಕರಗಿತ್ತು."

ಅವನು ಕೈ ಒರೆಸಿಕೊಂಡು ಬಂದ. ನಳಿಗೆಯ ಸೀಳನ್ನು ಮುಟ್ಟಿ ನೋಡಿದ. "ಥೂ," ಎಂದ. "ಆ ಹುಡುಗನ ಕೈಲಿ ನನ್ನ ರೈಫಲ್ ಕಿತ್ಕೊಂಡು ಬಂದಿದ್ದೆ ನಾನು. ಅವನು ಅದಕ್ಕೂ ಎಣ್ಣೆ ಹಾಕಿ ಒರೆಸಿ ಕೊಟ್ಟ." ಆಮೇಲೆ, "ಸರಿ, ಸರಿಯಾದ ಚೀಟಿ ಬರ್ಕೊಂಡು ಬಾ. ನೀನೇ ಓದಿದೋಳು. ಯಾರ ತಪ್ಪು ಅಂತ ನೆಟ್ಟಗೆ ಬರಿ. ನಳಿಗೆ ಸುಮ್ನೆ ನೇತಾಡಿದ್ರೆ ಹೊಸಬ್ರು ಕೇಳ್ತಾರಲ್ಲ" ಎಂದ.

ಅಪ್ಪನ ತಪ್ಪೆಂದು ನಿನಗೆ ತಿಳಿಸಲೆಂದೇ ಈ ಕಾಗದ. ಅವನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ನಾನೂ ಕ್ಷಮಿಸಿಲ್ಲ. ನಿನ್ನ ಕೈಬರಹದ ಚೀಟಿ, ಮಾತ್ರೆಯ ಸೀಸೆ, ಗೋಡೆಯಿಂದ ಕಿತ್ತ ಚೀಟಿ ಮೂರನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಸೀಸೆಯನ್ನು ಬೆಂಕಿಯ ಹತ್ತಿರ ಇಡಬೇಡ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಕಡಲ ಚಳಿಗೆ ನಿನ್ನ ಬೆರಳುಗಳು ಊದದಿರಲಿ. ನೀನು ಮುಟ್ಟಿದ ದೋಣಿಗಳೆಲ್ಲ ದಡಕ್ಕೆ ಮರಳಲಿ. ನಿನ್ನ ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರಾದರೂ ಇರಲಿ.

ಥೋರಾ

ಮರೆತ ಮಾತು: ಮರೆತದ್ದೇನಲ್ಲ. ಪಂದ್ಯದ ವರ್ಷದ ವಸಂತದಲ್ಲಿ ಅಮ್ಮನ ಮೂರೂ ಜೇನುಪೆಟ್ಟಿಗೆಗಳ ಹುಳಗಳು ಸತ್ತಿದ್ದವು. ಜೇನುಮೇಣ ಅರ್ಧ ಬಿಲ್ಲೆಗೂ ಸಾಲುತ್ತಿರಲಿಲ್ಲ. ಪೇಟೆಗೆ ಹೋಗಿ ತರಬಹುದಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಇತ್ತು, ಬೇಜಾರಿತ್ತು. ಉಣ್ಣೆಯ ಜಿಡ್ಡು ಹೆಚ್ಚು ಸುರಿದು ಬಿಲ್ಲೆ ಮಾಡಿದೆ. ಉಗುರು ಒತ್ತಿ ನೋಡಿದೆ, ಸುಲಭವಾಗಿ ಇಳಿಯಿತು. ಆದರೂ ಹಳದಿ ಕಾಗದದಲ್ಲಿ ಸುತ್ತಿ ನಿನ್ನ ಕೈಗೆ ಕೊಟ್ಟೆ.

ಅಪ್ಪನನ್ನು ಆಸ್ಪತ್ರೆಗೆ ಒಯ್ದ ಮೇಲೆ ಅವನ ಗಾಡಿಯನ್ನು ಮನೆಗೆ ಓಡಿಸಿಕೊಂಡು ಬಂದವಳು ನಾನು. ಗಾಜಿನ ಬಳಿ ಆ ಪೆಟ್ಟಿಗೆ ಕುರಿಯ ಉಣ್ಣೆಯ ವಾಸನೆ ಹೊಡೆಯುತ್ತಿತ್ತು. ದಾರಿಯಲ್ಲೇ ನನಗೆ ಎಲ್ಲ ತಿಳಿಯಿತು. ಅಂದು ಮೆಟ್ಟಿಲ ಮೇಲೆ ಕೂತು ನೀನು ಕೇಳಿದೆ: "ನಾನು ಮದ್ದು ಹಾಕಿದ್ದೆ ಅಂತ ನೀನಾದ್ರೂ ನಂಬ್ತೀಯಾ?" ನಾನು "ಗೊತ್ತಿಲ್ಲ ಆನ್ಸೆಲ್" ಎಂದೆ. ನನಗೆ ಗೊತ್ತಿತ್ತು.

ಮರ್ಲ್ ಕೇಳಿದ ಚೀಟಿಯನ್ನು ಆರು ಸಲ ಬರೆದೆ. ಆರೂ ಸಲ ಅದು ಅಪ್ಪನ ಹೆಸರಿನಿಂದಲೇ ಶುರುವಾಯಿತು, ಈ ಕಾಗದದ ಹಾಗೆಯೇ. ಏಳನೆಯದರಲ್ಲಿ ನನ್ನ ಹೆಸರಿದೆ. ಗೋಡೆಗೆ ಹಾಕುವ ಮೊದಲು ನೀನು ನೋಡಲಿ ಎಂದು ಅದನ್ನೂ ಇದರೊಳಗೆ ಇಟ್ಟಿದ್ದೇನೆ. ಇಲ್ಲ, ಇದೂ ಸುಳ್ಳು. ಅದನ್ನು ಹಿಡಿದು ಎರಡು ಸಲ ಕ್ಲಬ್ಬಿನ ಬಾಗಿಲವರೆಗೆ ಹೋಗಿ, ಹಾಕುವ ಧೈರ್ಯವಿಲ್ಲದೆ ವಾಪಸು ಬಂದೆ. ನಳಿಗೆಯ ಕೆಳಗೆ ಈಗ ಚೀಟಿಯ ಮೊಳೆಯಷ್ಟೇ ಇದೆ.